ಅಮ್ಮನ ಮಾತ್ರೆಯೊಳಗೊಂದು ಹೂವು

ಅಮ್ಮನಿಗೆ ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಇದೆ ಅಂತ ಗೊತ್ತಾದಾಗಿನಿಂದ, ಅವಳ ಆರೋಗ್ಯ ವಿಚಾರಿಸುವವರೆಲ್ಲ ಮಾತು ಮುಗಿಸುವ ಮುಂಚೆ ಒಂದು ಗಿಡದ ಹೆಸರು ಹೇಳುತ್ತಾರೆ. ಗಿಂಕೋ ಎಂಬ ಚೀನಾ ಮೂಲದ ಮರದ ಎಲೆಯ ಸಾರ, ಬ್ರಾಹ್ಮಿ, ಅರಿಶಿನದ ಸಾರ. ಕೆಲವರು ಡಬ್ಬಿಯನ್ನೇ ಕಳಿಸಿದ್ದಾರೆ. ಆ ಕಾಳಜಿ ನನಗೆ ದೊಡ್ಡದು. ಅದಕ್ಕೇ ಎಲ್ಲರಿಗೂ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಅಮ್ಮ ಈಗ ನುಂಗುತ್ತಿರುವ ಮಾತ್ರೆಯೂ ಗಿಡದ ಕೊಡುಗೆಯೇ. ಹೆಸರು ಗ್ಯಾಲಂಟಮೈನ್. ಹಿಮ ಪೂರ್ತಿ ಕರಗುವ ಮೊದಲೇ ತಲೆ ಬಾಗಿಸಿ ಅರಳುವ ಸ್ನೋಡ್ರಾಪ್ ಎಂಬ ಪುಟ್ಟ ಬಿಳಿ ಹೂವಿನ ಗಿಡದಲ್ಲಿ 1950ರ ದಶಕದ ಆರಂಭದಲ್ಲಿ ಸೋವಿಯತ್ ವಿಜ್ಞಾನಿಗಳು ಇದನ್ನು ಗುರುತಿಸಿದರು. ಬಲ್ಗೇರಿಯಾದ ದಿಮಿತರ್ ಪಾಸ್ಕೋವ್ ಅದನ್ನು ಔಷಧದ ರೂಪಕ್ಕೆ ತಂದರು. ಆಗ ಕೊಡುತ್ತಿದ್ದದ್ದು ಮರೆವಿಗಲ್ಲ, ಪೋಲಿಯೊ ಬಂದುಹೋದವರ ಸ್ನಾಯುಗಳಿಗೆ. ಅಮೆರಿಕದಲ್ಲಿ ಆಲ್ಝೈಮರ್ ಚಿಕಿತ್ಸೆಗೆ ಅನುಮತಿ ಸಿಕ್ಕಿದ್ದು 2001ರಲ್ಲಿ. ನಡುವಿನ ಅರ್ಧ ಶತಮಾನದಲ್ಲಿ ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ಒಬ್ಬರಾದ ಮೇಲೊಬ್ಬರು ಅಳೆದು ನೋಡಿದ್ದಾರೆ. ನನಗೆ ನಂಬಿಕೆ ಇರುವುದು ಆ ಅಳತೆಯ ಮೇಲೆ.

ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಕಡಿಮೆಯಾಗುತ್ತದೆ. ಅದನ್ನು ಒಡೆದುಹಾಕುವ ಕಿಣ್ವವನ್ನು ಗ್ಯಾಲಂಟಮೈನ್ ತಡೆಯುತ್ತದೆ, ಹಾಗಾಗಿ ಉಳಿದಿರುವಷ್ಟು ಸ್ವಲ್ಪ ಹೆಚ್ಚು ಹೊತ್ತು ಕೆಲಸಕ್ಕೆ ಬರುತ್ತದೆ. ಸಾಯುತ್ತಿರುವ ನರಕೋಶಗಳನ್ನು ಅದು ಉಳಿಸುವುದಿಲ್ಲ. ವೈದ್ಯರು ಇದನ್ನು ಮೊದಲ ದಿನವೇ ನೇರವಾಗಿ ಹೇಳಿದ್ದರು, ಅದಕ್ಕೆ ನಾನು ಕೃತಜ್ಞಳು.

ನಮಗೆ ಕಂಡ ಬದಲಾವಣೆ ಸಣ್ಣದು. ಮೊದಲು ಅಮ್ಮ ಪತ್ರಿಕೆಯ ತಲೆಬರಹ ಓದಿ, ಬೆರಳನ್ನು ಅಲ್ಲೇ ಇಟ್ಟು, ಮತ್ತೆ ಅದನ್ನೇ ಓದುತ್ತಿದ್ದಳು. ಈಗ ಬೆರಳು ಕೆಳಗಿಳಿಯುತ್ತದೆ. ಎರಡು ಮೂರು ಸಾಲು ಓದಿ, ತಲೆ ಎತ್ತಿ, ‘ಪಾಪ, ಮಕ್ಕಳಿದ್ದವಂತೆ’ ಅನ್ನುತ್ತಾಳೆ. ಯಾರ ಮಕ್ಕಳು ಅಂತ ಕೇಳಿದರೆ ಗೊತ್ತಿರುವುದಿಲ್ಲ. ಆದರೂ ಓದಿದ್ದು ಒಳಗೆ ತಟ್ಟಿದೆಯಲ್ಲ, ಆ ಒಂದು ಮಾತಿಗೆ ನನ್ನ ಇಡೀ ದಿನ ಹಗುರಾಗುತ್ತದೆ.

ಇನ್ನು ಗಿಂಕೋ. ಅದನ್ನು ಯಾರೂ ಪರೀಕ್ಷಿಸಿಲ್ಲ ಅನ್ನುವವರಿಗೆ ಹೇಳಬೇಕು: ಚೆನ್ನಾಗಿಯೇ ಪರೀಕ್ಷಿಸಿದ್ದಾರೆ. 75 ದಾಟಿದ 3,069 ಜನರಲ್ಲಿ ಕೆಲವರಿಗೆ ದಿನಕ್ಕೆರಡು ಬಾರಿ 120 ಮಿಲಿಗ್ರಾಂ ಗಿಂಕೋ ಸಾರ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು, ಸುಮಾರು ಆರು ವರ್ಷ ಗಮನಿಸಿದ ಅಮೆರಿಕದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಡಿಮೆನ್ಶಿಯಾ, ಅಂದರೆ ನೆನಪು, ಯೋಚನೆ ಕುಂದುವ ಸ್ಥಿತಿ, ಬರುವುದು ಗಿಂಕೋದಿಂದ ಕಡಿಮೆಯಾಗಲಿಲ್ಲ. ಸಾಲದ್ದಕ್ಕೆ, ಅಮ್ಮ ರಕ್ತ ತೆಳುವಾಗಿಸುವ ಮಾತ್ರೆಯ ಮೇಲಿದ್ದಾಳೆ. ಗಿಂಕೋ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಬಂದ ಡಬ್ಬಿಯನ್ನು ತೆರೆಯದೆ ವೈದ್ಯರ ಮುಂದಿಟ್ಟೆ, ಅವರು ಬೇಡ ಅಂದರು.

ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶದ ವಿಷಯ ಬೇರೆ. ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಅದು, ಆಲ್ಝೈಮರ್ ಬಂದವರ ಮಿದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್ ಎಂಬ ಪ್ರೋಟೀನ್‌ಗೆ ಅಂಟಿಕೊಳ್ಳುವುದು ನಿಜ. ಆದರೆ ಬಾಯಿಂದ ತೆಗೆದುಕೊಂಡದ್ದರಲ್ಲಿ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಕರುಳು ಮತ್ತು ಯಕೃತ್ತು ಅದನ್ನು ಬೇಗನೆ ಬದಲಾಯಿಸಿ ಹೊರಹಾಕುತ್ತವೆ. ಮಿದುಳು ತಲುಪದ್ದು ಮಿದುಳನ್ನು ಕಾಯುವುದು ಹೇಗೆ?

‘ಗಿಡದ್ದಲ್ವಾ, ಏನೂ ಆಗಲ್ಲ’ ಎಂಬ ಮಾತು ಮಾತ್ರ ದಯವಿಟ್ಟು ಬೇಡ. ಗ್ಯಾಲಂಟಮೈನ್ ಕೂಡ ಗಿಡದ್ದೇ. ಶುರುವಿನಲ್ಲಿ ಅಮ್ಮನಿಗೆ ವಾಕರಿಕೆ ಬಂದು ಊಟವೇ ಸೇರುತ್ತಿರಲಿಲ್ಲ. ಹೃದಯ ಬಡಿತವನ್ನೂ ಅದು ನಿಧಾನ ಮಾಡಬಲ್ಲದು. ಅದಕ್ಕೇ ದಿನಕ್ಕೆ 8 ಮಿಲಿಗ್ರಾಂನಿಂದ ಶುರುಮಾಡಿ, ವಾರಗಟ್ಟಲೆ ಕಾದು 16ಕ್ಕೆ ಬಂದಿದ್ದೇವೆ. ಮುಂದಿನ ಭೇಟಿಯಲ್ಲಿ ನಾಡಿ, ತೂಕ ನೋಡಿ, 24ಕ್ಕೆ ಏರಿಸುವುದೋ ಬೇಡವೋ ಅಂತ ವೈದ್ಯರು ಹೇಳುತ್ತಾರೆ. ನೀವು ಹೇಳುವ ಗಿಡದ ಹೆಸರು ಬರೆದು ಕಳಿಸಿ, ಅದನ್ನೂ ಅವತ್ತೇ ಕೇಳಿಬರುತ್ತೇನೆ.