ಟೀಚರೇ, ಅಷ್ಟು ದೂರ ಓಡಿದ್ರೆ ಬಚ್ಚುದಿಲ್ವಾ, ಸುಸ್ತಾಗುದಿಲ್ವಾ?

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ನನ್ನನ್ನು ನಿಲ್ಲಿಸಿ ಈ ಪ್ರಶ್ನೆ ಕೇಳದವರು ಕಡಿಮೆ. ಮಕ್ಕಳು ಕೇಳುತ್ತಾರೆ, ಅವರ ಅಪ್ಪ ಅಮ್ಮ ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದ ಎಲೆಯವರು ಕೇಳುತ್ತಾರೆ. ನಾನು ಭಾನುವಾರ ಬೆಳಿಗ್ಗೆ ಇಪ್ಪತ್ತು ಕಿಲೋಮೀಟರ್ ಓಡುತ್ತೇನೆ ಎಂಬ ಸುದ್ದಿ ನನಗಿಂತ ವೇಗವಾಗಿ ಊರು ಸುತ್ತಿದೆ.

ನನ್ನ ಉತ್ತರ ಚಿಕ್ಕದು. ಮೆಲ್ಲ ಓಡ್ತೇನೆ, ಹಾಗಾಗಿ ಬಚ್ಚುವುದಿಲ್ಲ. ಕೇಳಿದವರಿಗೆ ಇದರಿಂದ ಸಮಾಧಾನ ಆಗುವುದಿಲ್ಲ. ಏನೋ ಗುಟ್ಟು ಇದೆ, ಟೀಚರ್ ಹೇಳ್ತಾ ಇಲ್ಲ ಅಂತ ಮುಖ ಮಾಡುತ್ತಾರೆ. ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಓಟ ಅಂದರೆ ಕಣ್ಣ ಮುಂದೆ ಬರುವುದು ಕಂಬಳ. ಪೈವಳಿಕೆಯ ಗದ್ದೆಯಲ್ಲಿ ಕೋಣಗಳ ಹಿಂದೆ ಓಡುವವರನ್ನು ನೋಡಿ ಬೆಳೆದವರು ನಾವು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವಿಡೀ ಅವರನ್ನು ಉಸೇನ್ ಬೋಲ್ಟ್ ಜೊತೆ ಹೋಲಿಸಿತು. ಕಂಬಳ ಬಿಟ್ಟರೆ ಶಾಲೆಯ ಸ್ಪೋರ್ಟ್ಸ್ ಡೇ, ಅಲ್ಲಿಯೂ ನೂರು ಮೀಟರ್. ಸೀಟಿ ಊದಿದ ಕೂಡಲೇ ಇದ್ದ ಬಲವನ್ನೆಲ್ಲ ಹಾಕಿ ಓಡಬೇಕು, ಗೆರೆ ದಾಟಿ ಬಿದ್ದುಬಿಡಬೇಕು. ಹಾಗಾಗಿ ಯಾರಾದರೂ "ನಾಳೆಯಿಂದ ಓಡ್ತೇನೆ" ಅಂತ ಹೊರಟರೆ ಅದನ್ನೇ ಮಾಡುತ್ತಾರೆ. ಮನೆಯಿಂದ ಮುಖ್ಯ ರಸ್ತೆ ತಲಪುವಾಗ ಏದುಸಿರು, ಪಕ್ಕೆ ಹಿಡಿದು ನಿಲ್ಲುವುದು. ಎರಡನೇ ದಿನ ಕಾಲು ನೋವು. ಮೂರನೇ ದಿನ "ನನ್ನ ದೇಹಕ್ಕೆ ಓಟ ಆಗುವುದಿಲ್ಲ" ಎಂಬ ತೀರ್ಮಾನ. ದೇಹದ ತಪ್ಪು ಏನೂ ಇಲ್ಲ, ವೇಗ ಜಾಸ್ತಿಯಾಯಿತು ಅಷ್ಟೆ.

ಮೆಲ್ಲ ಅಂದರೆ ಎಷ್ಟು ಮೆಲ್ಲ? ಇದಕ್ಕೆ ಕೈಗಡಿಯಾರ ಬೇಡ. ಓಡುತ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಉಸಿರು ಎಳೆಯಬೇಕಾಗಿ ಬಂದರೆ ವೇಗ ಇಳಿಸಿ. ಮಾತೇ ಆಗದಿದ್ದರೆ ನಡೆಯಿರಿ. ಹೊಸಬರಿಗೆ ಈ ವೇಗ ನಾಚಿಕೆಯಾಗುವಷ್ಟು ಕಡಿಮೆ. ಹಾಲಿನ ಕ್ಯಾನ್ ಹಿಡಿದು ಡೈರಿಗೆ ನಡೆದು ಹೋಗುವವರು ನಿಮ್ಮನ್ನು ದಾಟಿ ಹೋಗಬಹುದು. ಹೋಗಲಿ ಬಿಡಿ.

ಇದು ನನ್ನ ಸೋಮಾರಿತನಕ್ಕೆ ಕೊಟ್ಟ ಹೆಸರಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬುವರಿದ್ದರು. ಶೂ ಫ್ಯಾಕ್ಟರಿಯಲ್ಲಿ ಕೆಲಸ. ಸ್ನೇಹಿತನ ಜೊತೆ ಒಮ್ಮೆ ಐದು ಮೈಲಿ ಓಡಿದಾಗ ಅವರಿಗೆ ಜೀವ ಹೋದಂತಾಯಿತಂತೆ. ಆಮೇಲೆ ವರ್ಷಗಟ್ಟಲೆ ತಮ್ಮ ದೇಹದ ಮೇಲೆಯೇ ಪ್ರಯೋಗ ಮಾಡಿದರು. ಎಷ್ಟು ದೂರ, ಎಷ್ಟು ವೇಗ, ಯಾವಾಗ ವಿಶ್ರಾಂತಿ ಎಂದೆಲ್ಲ. ಕೊನೆಗೆ ಅವರಿಗೆ ಗೊತ್ತಾದದ್ದು, ಮೊದಲು ತಿಂಗಳುಗಟ್ಟಲೆ ಏದುಸಿರು ಬಾರದಂತೆ ದೂರ ಓಡಿ ಬುನಾದಿ ಹಾಕಬೇಕು, ವೇಗದ ತಾಲೀಮು ಆಮೇಲೆ. ಅಕ್ಕಪಕ್ಕದ ಹುಡುಗರು ಅವರ ಹಿಂದೆ ಓಡಲು ಶುರು ಮಾಡಿದರು. ಭಾನುವಾರ ವಾಯಟರುವಾ ಗುಡ್ಡಗಳಲ್ಲಿ ಸುಮಾರು 35 ಕಿಲೋಮೀಟರ್. 800 ಮೀಟರ್ ಓಡುವವನಿಗೂ ಅದೇ ಭಾನುವಾರ, ಅದೇ ಗುಡ್ಡ. ಎರಡು ನಿಮಿಷದಲ್ಲಿ ಮುಗಿಯುವ ಓಟಕ್ಕೆ ಇಷ್ಟು ದೂರ ಯಾಕೆ ಅಂತ ನಕ್ಕವರು ಇದ್ದರು.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಆ ಹುಡುಗರಲ್ಲಿ ಪೀಟರ್ ಸ್ನೆಲ್ 800 ಮೀಟರ್ ಚಿನ್ನ ಗೆದ್ದ. ಅದೇ ಸಂಜೆ ಮರ್ರೆ ಹಾಲ್ಬರ್ಗ್ 5000 ಮೀಟರ್ ಚಿನ್ನ ಗೆದ್ದ. ಮ್ಯಾರಥಾನ್‌ನಲ್ಲಿ ಬ್ಯಾರಿ ಮಗೀಗೆ ಕಂಚು. ಮೂವರೂ ಲಿಡಿಯಾರ್ಡ್ ಕೈಯಲ್ಲಿ ಪಳಗಿದವರು.

ನನಗೆ ಆ ಪದಕಗಳಿಗಿಂತ ಇಷ್ಟವಾದದ್ದು ಅದರ ನಂತರದ ಕಥೆ. ಲಿಡಿಯಾರ್ಡ್ ಇದೇ ವಿಧಾನವನ್ನು ಹೊಟ್ಟೆ ಬೆಳೆದ ವ್ಯಾಪಾರಸ್ಥರಿಗೂ ಹೃದಯಾಘಾತ ಆದವರಿಗೂ ಕಲಿಸಿದರು. ಎದೆನೋವು ಬಂದವರು ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರುಗಳೇ ಹೇಳುತ್ತಿದ್ದ ಕಾಲ ಅದು. 1962ರ ಕೊನೆಗೆ ಅಮೆರಿಕದ ಹೆಸರಾಂತ ಕೋಚ್ ಬಿಲ್ ಬೋವರ್‌ಮನ್ ಅಲ್ಲಿಗೆ ಬಂದರು. ಬನ್ನಿ, ಇವರ ಜೊತೆ ಒಂದು ಸುತ್ತು ಓಡಿ ಎಂದರು ಲಿಡಿಯಾರ್ಡ್. ಸ್ವಲ್ಪ ಹೊತ್ತಿನಲ್ಲೇ ಬೋವರ್‌ಮನ್ ಹಿಂದೆ ಬಿದ್ದರು. ಎಪ್ಪತ್ತು ದಾಟಿದ, ಹೃದಯಾಘಾತ ಆಗಿ ಉಳಿದ ಒಬ್ಬ ಅಜ್ಜ ಅವರಿಗಾಗಿ ನಿಧಾನ ಮಾಡಿ ಜೊತೆಗೆ ಬಂದರಂತೆ. ಅಮೆರಿಕಕ್ಕೆ ಜಾಗಿಂಗ್ ಹುಚ್ಚು ಹೋದದ್ದು ಈ ಬೋವರ್‌ಮನ್ ಮೂಲಕ. ನೈಕಿ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು ಇವರೇ.

ಮೆಲ್ಲ ಓಡಿದರೆ ಒಳಗೆ ಏನಾಗುತ್ತದೆ? ಒಂದು ಲೆಕ್ಕ ಹೇಳುತ್ತೇನೆ. ಒಂದು ಕಿಲೋಮೀಟರ್ ಓಡಲು, ನಿಮ್ಮ ತೂಕ ಎಷ್ಟು ಕಿಲೋ ಇದೆಯೋ ಸುಮಾರು ಅಷ್ಟು ಕ್ಯಾಲೊರಿ ಬೇಕು. 60 ಕಿಲೋ ಇದ್ದರೆ 60 ಕ್ಯಾಲೊರಿ. ನಾವು ತಿಂದ ಅನ್ನ, ಹಣ್ಣು ಗ್ಲೈಕೋಜನ್ ಆಗಿ ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಕೂರುತ್ತದೆ. ಅದರ ಒಟ್ಟು ದಾಸ್ತಾನು ಸುಮಾರು 2000 ಕ್ಯಾಲೊರಿ. ಭಾಗಿಸಿ ನೋಡಿ, ಮೂವತ್ತು ಚಿಲ್ಲರೆ ಕಿಲೋಮೀಟರಿಗೆ ಖಾಲಿ. ಮ್ಯಾರಥಾನ್ 42.195 ಕಿಲೋಮೀಟರ್. ಮೂವತ್ತು ದಾಟಿದ ಮೇಲೆ ಎಷ್ಟೋ ಜನ ಗೋಡೆಗೆ ಬಡಿದವರ ಹಾಗೆ ನಿಂತುಬಿಡುವುದು ಇದಕ್ಕೇ. ಆದರೆ ಸಣಕಲು ಮನುಷ್ಯನ ಮೈಯಲ್ಲೂ ಕೊಬ್ಬಿನ ರೂಪದಲ್ಲಿ ಹತ್ತಾರು ಸಾವಿರ ಕ್ಯಾಲೊರಿ ಇದೆ. ಅದನ್ನು ಉರಿಸಲು ಆಮ್ಲಜನಕ ಜಾಸ್ತಿ ಬೇಕು, ಸಮಯವೂ ಬೇಕು. ಉಸಿರು ಹಿಡಿತದಲ್ಲಿರುವ ವೇಗದಲ್ಲಿ ಕೊಬ್ಬಿನ ಪಾಲು ಹೆಚ್ಚುತ್ತದೆ. ತಿಂಗಳುಗಟ್ಟಲೆ ಹೀಗೆ ಓಡಿದರೆ ಸ್ನಾಯುಗಳಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ. ಆಗ ಅದೇ ಮೆಲ್ಲನೆ ಓಟ ತಾನಾಗಿಯೇ ವೇಗವಾಗುತ್ತದೆ.

ಯಕ್ಷಗಾನದ ಆಟ ನೋಡುವವರಿಗೆ ಇದನ್ನು ಇಷ್ಟು ವಿವರಿಸಬೇಕಾಗಿಲ್ಲ. ಬೆಳಗಿನ ತನಕ ಆಟ ಇರುವಾಗ ಯಾವ ಭಾಗವತರೂ ರಾತ್ರಿ ಹತ್ತಕ್ಕೇ ಏರು ಪದ ಹಾಡುವುದಿಲ್ಲ.

ಇನ್ನೊಬ್ಬರ ಕಥೆ ನಮ್ಮ ತೋಟದ ಜನರಿಗೆ ಹೇಳಲೇಬೇಕು. 1983ರಲ್ಲಿ ಆಸ್ಟ್ರೇಲಿಯಾದಲ್ಲಿ ಸಿಡ್ನಿಯಿಂದ ಮೆಲ್ಬರ್ನ್‌ಗೆ 875 ಕಿಲೋಮೀಟರ್ ಓಟ ಇತ್ತು. ಅದಕ್ಕೆ ಕ್ಲಿಫ್ ಯಂಗ್ ಎಂಬ 61 ವರ್ಷದ ಆಲೂಗಡ್ಡೆ ಬೆಳೆಗಾರ ಬಂದ. ಬೂಟು ಹಾಕಿ ಕುರಿಗಳ ಹಿಂದೆ ಓಡಿ ಅಭ್ಯಾಸ ಇದ್ದವನು. ಅವನ ಓಟ ಕಾಲು ಎಳೆದುಕೊಂಡು ಹೋದ ಹಾಗಿತ್ತು. ಮೊದಲ ದಿನ ಎಲ್ಲರೂ ಅವನನ್ನು ಬಿಟ್ಟು ಮುಂದೆ ಹೋದರು. ಅವರು ರಾತ್ರಿ ಮಲಗಿದರು, ಇವನು ಸ್ವಲ್ಪವೇ ನಿದ್ದೆ ಮಾಡಿ ಕತ್ತಲಲ್ಲೇ ಎದ್ದು ಹೊರಟ. 5 ದಿನ 15 ಗಂಟೆ 4 ನಿಮಿಷದಲ್ಲಿ ಮುಗಿಸಿ ಗೆದ್ದ, ಬಂದ ಹಣವನ್ನು ಉಳಿದ ಓಟಗಾರರಿಗೆ ಹಂಚಿದ. ನಿದ್ದೆ ಬಿಡಿ ಅಂತ ನಾನು ಖಂಡಿತ ಹೇಳುವುದಿಲ್ಲ. ಆ ಎಳೆದಾಡುವ ಓಟಕ್ಕೆ ಮಾತ್ರ ನನ್ನ ನಮಸ್ಕಾರ.

ಅಷ್ಟು ದೂರದ ಹೆಸರು ಬೇಡ ಅನ್ನುವವರಿಗೆ ಕಣ್ಣೂರಿನ ಆಚೆ ವಯನಾಡು ಇದೆ. ಅಲ್ಲಿಯ ಟಿ. ಗೋಪಿ 2016ರ ಮುಂಬೈ ಮ್ಯಾರಥಾನ್‌ಗೆ ಇಳಿದದ್ದು ತಾನು ಗೆಲ್ಲಲು ಅಲ್ಲ, ಇನ್ನೊಬ್ಬ ಓಟಗಾರನಿಗೆ ವೇಗ ಹಿಡಿದು ಕೊಡಲು. ಅಂಥವರು ಅರ್ಧ ದಾರಿ ಕಳೆದ ಮೇಲೆ ಬಿಟ್ಟುಬಿಡುವುದು ವಾಡಿಕೆ. ಇವರು ಬಿಡಲಿಲ್ಲ. ಭಾರತೀಯರಲ್ಲಿ ಎರಡನೆಯವರಾಗಿ ಮುಗಿಸಿ ರಿಯೋ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. ರಿಯೋದಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ 25ನೇ ಸ್ಥಾನ. ಮರುವರ್ಷ ಏಷ್ಯನ್ ಮ್ಯಾರಥಾನ್ ಗೆದ್ದ ಮೊದಲ ಭಾರತೀಯ ಪುರುಷ ಅವರೇ. ಅದೇ ವಯನಾಡಿನ ಒ.ಪಿ. ಜೈಶಾ 2015ರಲ್ಲಿ ಬೀಜಿಂಗ್‌ನಲ್ಲಿ 2 ಗಂಟೆ 34 ನಿಮಿಷ 43 ಸೆಕೆಂಡಿಗೆ ಓಡಿ ರಾಷ್ಟ್ರೀಯ ದಾಖಲೆ ಮಾಡಿದರು.

ಹೆಂಗಸರ ಮಾತು ಬಂತು. ಈ ಪ್ರಶ್ನೆ ಕೇಳುವ ಹೆಂಗಸರು ದನಿ ತಗ್ಗಿಸಿ ಇನ್ನೊಂದು ಕೇಳುತ್ತಾರೆ, "ನೋಡಿದವ್ರು ಏನು ಹೇಳ್ತಾರೆ?" ಮೊದಮೊದಲು ನನ್ನನ್ನು ನೋಡಿದವರು ಹೇಳಿದ್ದು ಒಂದೇ. "ಮನೇಲಿ ಯಾರಿಗಾದ್ರೂ ಏನಾದ್ರೂ ಆಯ್ತಾ ಟೀಚರೇ? ಹತ್ತಿ, ಬಿಡ್ತೇನೆ" ಅಂತ ಸ್ಕೂಟರ್ ನಿಲ್ಲಿಸುತ್ತಿದ್ದರು. ನಮ್ಮೂರಿನ ಜನ ಒಳ್ಳೆಯವರು, ಏನು ಮಾಡುವುದು! ಈಗ ಕೈ ಬೀಸಿ ಹೋಗುತ್ತಾರೆ. 1966ರಲ್ಲಿ ಬಾಬಿ ಗಿಬ್ ಬಾಸ್ಟನ್ ಮ್ಯಾರಥಾನ್‌ಗೆ ಅರ್ಜಿ ಹಾಕಿದಾಗ, ಹೆಣ್ಣಿನ ದೇಹಕ್ಕೆ ಅಷ್ಟು ದೂರ ಓಡುವ ಶಕ್ತಿಯಿಲ್ಲ ಎಂದು ಉತ್ತರ ಬಂತು. ಅವಳು ಅಣ್ಣನೋ ತಮ್ಮನೋ ಯಾರದೋ ಚಡ್ಡಿ ಹಾಕಿ, ಓಟ ಶುರುವಾಗುವ ಜಾಗದ ಹತ್ತಿರ ಪೊದೆಯಲ್ಲಿ ಅಡಗಿ ಕೂತು, ಗಂಡಸರ ನಡುವೆ ಸೇರಿ ಪೂರ್ತಿ ಓಡಿ ಮುಗಿಸಿದಳು. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಬರಲು 1984 ಆಗಬೇಕಾಯಿತು. ನನಗೆ ಪೊದೆ ಬೇಕಾಗಲಿಲ್ಲ, ಚೂಡಿದಾರ ಹಾಕಿಯೇ ಶುರು ಮಾಡಿದೆ.

ಮಂಡಿ ಸವೆಯುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಮಂಡಿ ಮತ್ತು ಸೊಂಟದ ಕೀಲು ಸವೆತ ಹವ್ಯಾಸಕ್ಕೆ ಓಡುವವರಲ್ಲಿ ಶೇ. 3.5 ಇತ್ತು, ಓಡದೆ ಕೂತವರಲ್ಲಿ ಶೇ. 10.2. ಪದಕಕ್ಕಾಗಿ ಓಡುವವರಲ್ಲಿ ಮಾತ್ರ ಶೇ. 13.3. ಓಟದಿಂದಲೇ ಮಂಡಿ ಉಳಿಯಿತು ಎಂದು ಇದರಿಂದ ಹೇಳಲು ಬರುವುದಿಲ್ಲ. ಆದರೆ ನಮ್ಮಂಥವರು ಓಡಿದ್ದಕ್ಕೇ ಮಂಡಿ ಹೋಯಿತು ಎನ್ನಲು ಆಧಾರ ಇಲ್ಲ. ಈಗಾಗಲೇ ನೋವಿದ್ದರೆ, ಬಿಪಿ, ಶುಗರ್, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಓಡುವಾಗ ಎದೆ ಬಿಗಿದರೆ ನಿಲ್ಲಿ, ಹುಡುಗಾಟ ಬೇಡ.

ಶುರು ಹೇಗೆ? ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಕೆಲವು ವಾರ ಕಳೆದು ಎರಡೆರಡು ನಿಮಿಷ ಮಾಡಿ. ನಡುನಡುವೆ ನಡೆಯುವುದು ಅವಮಾನ ಅಲ್ಲ. ಈ ಪದ್ಧತಿಯನ್ನು ಲೋಕಕ್ಕೆಲ್ಲ ಹೇಳಿಕೊಟ್ಟ ಜೆಫ್ ಗ್ಯಾಲೋವೇ 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು. ವಾರಕ್ಕೆ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ದೂರ ಏರಿಸಬೇಡಿ ಎಂಬ ಮಾತೊಂದು ಓಟಗಾರರಲ್ಲಿ ಇದೆ. ಅದು ಬ್ರಹ್ಮಲಿಪಿಯಲ್ಲ, ಆದರೆ ಅವಸರಗಾರರಿಗೆ ಒಳ್ಳೆಯ ಕಡಿವಾಣ. ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುವಿನ ಹುರಿಗಳು ನಿಧಾನ. ಉಸಿರು ಸುಲಭವಾಯಿತು ಅಂತ ದೂರ ಹೆಚ್ಚಿಸಿದವರೇ ಮೊಣಕಾಲ ಕೆಳಗಿನ ಎಲುಬು ನೋವು ಅಂತ ಕೂರುವುದು.

ಕಾಸರಗೋಡಿನಲ್ಲಿ ಓಡುವವರಿಗೆ ಇನ್ನು ನಾಲ್ಕು ಮಾತು. ನಮ್ಮಲ್ಲಿ ಸಪಾಟು ರಸ್ತೆ ಎಲ್ಲಿದೆ? ಪೆರ್ಲಕ್ಕೆ ಹೋಗಿ, ಮುಳ್ಳೇರಿಯಕ್ಕೆ ಹೋಗಿ, ಒಂದು ಚಡಾವು ಮುಗಿದರೆ ಇನ್ನೊಂದು. ಚಡಾವಿನಲ್ಲಿ ನಡೆಯಿರಿ, ನೂರು ಕಿಲೋಮೀಟರ್ ಓಡುವವರೂ ಹಾಗೇ ಮಾಡುತ್ತಾರೆ. ಬೇಕಲದ ಮರಳು ಚಂದ, ಆದರೆ ದಡ ಓರೆ. ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲಿಗೇ ಭಾರ. ಏಪ್ರಿಲ್ ಮೇಯಲ್ಲಿ ಸೆಕೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ, ನಮ್ಮ ಕಡಲ ಗಾಳಿಯ ತೇವದಲ್ಲಿ ಅದು ಆರುವುದೇ ಇಲ್ಲ, ಸುಮ್ನೆ ಇಳಿದು ಹೋಗುತ್ತದೆ. ಹಾಗಾಗಿ ಬೆಳಕು ಹರಿಯುವ ಮೊದಲು ಮುಗಿಸಿ, ಮಾಮೂಲಿಗಿಂತ ಇನ್ನೂ ಮೆಲ್ಲ ಓಡಿ. ಬರೀ ನೀರನ್ನು ಲೀಟರುಗಟ್ಟಲೆ ಕುಡಿಯುವುದೂ ಅಪಾಯ, ರಕ್ತದಲ್ಲಿ ಉಪ್ಪಿನ ಅಂಶ ಇಳಿದುಬಿಡುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ, ಉಪ್ಪು ಕಡಿಮೆ. ಬೆವರಿ ಬಂದ ಮೇಲೆ ಉಪ್ಪು ಹಾಕಿದ ಗಂಜಿ ತೆಳಿ, ಮಜ್ಜಿಗೆ ನೀರು ನನಗೆ ಹಿಡಿಸಿದ್ದು. ಹೊರಡುವ ಮೊದಲು ಒಂದು ನೇಂದ್ರ ಹಣ್ಣು ಸಾಕು.

ಹೆದ್ದಾರಿ 66ರಲ್ಲಿ ಓಡಬೇಡಿ. ಫೌಜಾ ಸಿಂಗ್ ಹೆಸರು ಕೇಳಿರಬಹುದು. 89ನೇ ವಯಸ್ಸಿನಲ್ಲಿ ಲಂಡನ್‌ನಲ್ಲಿ ಮೊದಲ ಮ್ಯಾರಥಾನ್ ಓಡಿದವರು. ನೂರು ವರ್ಷವಾದಾಗ ಟೊರಾಂಟೋದಲ್ಲಿ ಎಂಟು ಗಂಟೆ ಚಿಲ್ಲರೆಯಲ್ಲಿ ಇನ್ನೊಂದನ್ನು ಮುಗಿಸಿದರು. ಜನನ ಪ್ರಮಾಣಪತ್ರ ಇಲ್ಲವೆಂದು ಗಿನ್ನೆಸ್‌ನವರು ದಾಖಲೆಗೆ ಒಪ್ಪಲಿಲ್ಲ. 2025ರ ಜುಲೈಯಲ್ಲಿ ಪಂಜಾಬಿನ ತಮ್ಮೂರಿನ ಹತ್ತಿರ ರಸ್ತೆಯಲ್ಲಿ ವಾಹನ ಬಡಿದು ತೀರಿಕೊಂಡರು. ಒಳದಾರಿ ಹಿಡಿಯಿರಿ. ವಾಹನ ಎದುರಿನಿಂದ ಬರುವ ಬದಿಯಲ್ಲಿ ಓಡಿ, ಕತ್ತಲಿದ್ದರೆ ತಲೆಗೊಂದು ಟಾರ್ಚ್ ಕಟ್ಟಿ. ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ, ನಿಂತು ನಡೆಯಿರಿ. ಹೆಚ್ಚಿನವಕ್ಕೆ ಅಲ್ಲಿಗೆ ಆಸಕ್ತಿ ಹೋಗುತ್ತದೆ.

ಶೂ ಯಾವುದು ಅಂತ ಕೇಳುವವರಿಗೆ: ಕಾಲಿಗೆ ಸರಿಯಾಗಿ ಕೂರುವ, ಬೆರಳಿನ ಮುಂದೆ ಸ್ವಲ್ಪ ಜಾಗ ಇರುವ ಸಾಧಾರಣ ಓಟದ ಶೂ ಸಾಕು. ಅಬೆಬೆ ಬಿಕಿಲ 1960ರಲ್ಲಿ ಬರಿಗಾಲಲ್ಲೇ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ ಅಂತ ವಾದ ಮಾಡುವವರು ಇದ್ದಾರೆ. ನಾಲ್ಕು ವರ್ಷ ಬಿಟ್ಟು ಟೋಕಿಯೋದಲ್ಲಿ ಅವನೇ ಶೂ ಹಾಕಿ ಓಡಿ ಮೂರು ನಿಮಿಷ ಬೇಗ ಮುಗಿಸಿ ಗೆದ್ದ, ಅದನ್ನು ಯಾರೂ ಹೇಳುವುದಿಲ್ಲ. ನಮ್ಮ ಕೆಂಪು ಕಲ್ಲಿನ ಜಲ್ಲಿಯ ಮೇಲೆ ಬರಿಗಾಲು ಬೇಡ. ಸಾಧ್ಯವಾದರೆ ಎರಡು ಜೊತೆ ತಗೊಳ್ಳಿ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಲ್ಲಿ ಒಂದು ಜೊತೆಯೊಳಗೆ ಹಳೆ ಪೇಪರು ತುರುಕಿ ಒಲೆಯ ಹತ್ತಿರ ಇಟ್ಟರೂ ಜುಲೈಯಲ್ಲಿ ಅದು ಮರುದಿನಕ್ಕೆ ಒಣಗುವುದಿಲ್ಲ.