ಅಂಗನವಾಡಿಯ ನೆಲ ಹೊಳೆದರೆ ಸಾಲದು, ಕೈ ನೋಡಿ

ಫಿನೈಲ್ ಹಾಕಿ ಒರೆಸಿದ ಅಂಗನವಾಡಿಗೆ ಕಾಲಿಟ್ಟರೆ ಘಮ್ಮೆನ್ನುತ್ತದೆ. ಬಂದವರಿಗೆಲ್ಲ ಸ್ವಚ್ಛ ಅನ್ನಿಸುತ್ತದೆ. ಆದರೆ ಮಕ್ಕಳಿಗೆ ಭೇದಿ ಹತ್ತಿಸುವುದು ಹೆಚ್ಚಾಗಿ ಕೈ. ಮಗುವಿನ ಕುಂಡಿ ತೊಳೆಸಿದ ಕೈಯೇ ಐದು ನಿಮಿಷದಲ್ಲಿ ಅನ್ನ ಬಡಿಸಲು ಬರುತ್ತದಲ್ಲ, ಅಲ್ಲಿದೆ ಎಲ್ಲಕ್ಕಿಂತ ದೊಡ್ಡ ತೂತು. ಸಣ್ಣ ಕೂಸಿನ ಮಲಕ್ಕೆ ಹೊಲಸೇನಿಲ್ಲ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಅದರಲ್ಲಿರುವ ರೋಗಾಣು ದೊಡ್ಡವರದ್ದಕ್ಕಿಂತ ಕಡಿಮೆಯದಲ್ಲ.

ಒಬ್ಬರೇ ಸಹಾಯಕಿ (ಆಯಾ) ಇರುವ ಕೇಂದ್ರದಲ್ಲೂ ಶೌಚದ ಕೆಲಸ, ಅಡುಗೆ ಕೆಲಸ ಬೇರೆ ಬೇರೆ ಮಾಡಬಹುದು. ಒಲೆ ಹಚ್ಚಿದಾಗಿನಿಂದ ಬಡಿಸಿ ಮುಗಿಯುವವರೆಗೆ ಶೌಚದ ಕೆಲಸ ಟೀಚರ್ ನೋಡಿಕೊಳ್ಳಲಿ, ಆಯಾ ಅಡುಗೆಮನೆ ಬಿಟ್ಟು ಏಳುವುದು ಬೇಡ. ಅದಾಗದಿದ್ದರೆ ಶೌಚಾಲಯದ ಹತ್ತಿರ ಒಂದು ಸೋಪು, ಅಡುಗೆಮನೆಯಲ್ಲಿ ಇನ್ನೊಂದು ಸೋಪು ಇರಲಿ, ಎರಡೂ ಕಡೆ ಕೈ ತೊಳೆಯಲಿ. ‘ಕೂಸಿನ ಮನೆ’ ಎನ್ನುವ ಪಂಚಾಯಿತಿಯ ಶಿಶುಪಾಲನಾ ಕೇಂದ್ರಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಲ್ಲಿರುವುದು ಬಟ್ಟೆಯಲ್ಲೇ ಎಲ್ಲ ಮಾಡಿಕೊಳ್ಳುವ ಕೂಸುಗಳು. ಬಟ್ಟೆ ಬದಲಿಸುವ ಜಾಗ ಊಟದ ಚಾಪೆಯಿಂದ ದೂರವಿರಬೇಕು, ಹೊಲಸಾದ ಬಟ್ಟೆ ಮುಚ್ಚಳವಿರುವ ಬಕೆಟ್ಟಿಗೇ ಬೀಳಬೇಕು.

ಇನ್ನು ಮಕ್ಕಳ ಕೈ. ಒಂದು ಬೋಗುಣಿಯಲ್ಲಿ ನೀರಿಟ್ಟು ಇಪ್ಪತ್ತು ಮಕ್ಕಳೂ ಅದರಲ್ಲೇ ಕೈ ಅದ್ದಿಸುವುದನ್ನು ಇವತ್ತೇ ನಿಲ್ಲಿಸಿ. ಮೊದಲ ಮಗುವಿನ ಕೈಯ ಕೊಳೆ ಇಪ್ಪತ್ತನೆಯ ಮಗುವಿಗೆ ಮುಟ್ಟುತ್ತದೆ. ನೀರು ಮೇಲಿಂದ ಹರಿಯಬೇಕು. ನಲ್ಲಿ ಇಲ್ಲದಿದ್ದರೆ ನಲ್ಲಿ ಕೂರಿಸಿದ ಪ್ಲಾಸ್ಟಿಕ್ ಡ್ರಮ್ಮನ್ನು ಕಲ್ಲಿನ ಮೇಲೆ ಮಕ್ಕಳ ಎದೆಯೆತ್ತರಕ್ಕೆ ಇಡಿ. ಒಂದು ಮಗುವಿಗೆ ಒಂದು ಲೋಟ, ಅಂದರೆ ಕಾಲು ಲೀಟರ್ ಎಂದು ಹಿಡಿದರೆ ಇಪ್ಪತ್ತು ಮಕ್ಕಳಿಗೆ ಐದು ಲೀಟರ್ ಸಾಕು. ಮೊದಲು ಕೈ ನೆನೆಸಿ ನೀರು ನಿಲ್ಲಿಸಿ. ಸೋಪು ಹಚ್ಚಿ ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ ಉಜ್ಜಲು 20 ಸೆಕೆಂಡು ಬೇಕು. ಬಾಯಲ್ಲಿ ಒಂದರಿಂದ ಇಪ್ಪತ್ತರವರೆಗೆ ನಿಧಾನವಾಗಿ ಎಣಿಸಿದರೆ ಅಷ್ಟು ಹೊತ್ತಾಗುತ್ತದೆ, ಮಕ್ಕಳಿಗೆ ಎಣಿಕೆಯೂ ಬರುತ್ತದೆ. ನಮ್ಮ ಬೋರಿನ ಸವಳು ನೀರಿಗೆ ಸೋಪು ನೊರೆ ಬರುವುದಿಲ್ಲ, ಬಿಳಿ ಜಿಡ್ಡು ಕಟ್ಟುತ್ತದೆ. ನೊರೆ ಬರಲಿಲ್ಲವೆಂದು ಉಜ್ಜುವುದನ್ನು ಅರ್ಧಕ್ಕೆ ಬಿಡಬಾರದು, ಜಿಡ್ಡು ಹೋಗುವವರೆಗೆ ನೀರು ಹಾಕಿ. ಒರೆಸಲು ಎಲ್ಲರಿಗೂ ಒಂದೇ ಟವೆಲ್ ನೇತುಹಾಕಿದರೆ ತೊಳೆದ ಕೆಲಸ ಅಲ್ಲಿಗೇ ಹಾಳು. ಕಣ್ಣುಬೇನೆಯೂ ಕಜ್ಜಿಯೂ ಆ ಟವೆಲ್ಲಿನಲ್ಲೇ ಓಡಾಡುತ್ತವೆ. ನಮ್ಮ ಬಿಸಿಲಿಗೆ ಕೈ ಒದರಿ ನಿಂತರೆ ತಾನೇ ಒಣಗುತ್ತದೆ. ಪಾಟಿಯನ್ನು ಉಗುಳು ಹಚ್ಚಿ ಒರೆಸುವ ಚಾಳಿಗೂ ಇದೇ ಮಾತು: ಮಗುವಿಗೊಂದು ಒದ್ದೆ ಅರಿವೆಯ ಚೂರು ಕೊಡಿ.

ನೀರಿನ ವಿಷಯ ನಮ್ಮ ಜಿಲ್ಲೆಗಳಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕೊಪ್ಪಳ, ರಾಯಚೂರಿನ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5 ಕಡೆಯ ಮಿತಿ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಅಂಥ ಊರಿನಲ್ಲಿ ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನೇ ಸರಿ. ಆದರೆ ಆ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹೊಲಸು ಕ್ಯಾನಿಗೆ ತುಂಬಿದರೆ ಅದನ್ನು ಕಾಯುವವರೇ ಇಲ್ಲ. ಕ್ಯಾನಿನ ಒಳಗೆ ಬೆರಳು ಹಾಕಿದರೆ ಲೋಳೆ ಹತ್ತುತ್ತದೆಯೇ ನೋಡಿ. ಹತ್ತಿದರೆ ಬ್ರಷ್‌ನಿಂದ ಉಜ್ಜಿ, ಬ್ಲೀಚಿಂಗ್ ನೀರು ತುಂಬಿ ಹತ್ತು ನಿಮಿಷ ಬಿಟ್ಟು, ಎರಡು ಸಲ ತೊಳೆಯಿರಿ. ಕುಡಿಯುವ ಕೊಡಕ್ಕೆ ಲೋಟ ಅದ್ದುವ ಹಾಗಿಲ್ಲ. ನಲ್ಲಿ ಇರಲಿ, ಇಲ್ಲವೇ ಉದ್ದ ಹಿಡಿಕೆಯ ಸೌಟು.

ತುಂಗಭದ್ರಾ ಕಾಲುವೆ ನೀರು ಕುಡಿಯುವ ಊರುಗಳದ್ದು ಬೇರೆ ತೊಂದರೆ. ಮಳೆಗಾಲದ ಹೊಸ ನೀರು ಕೆಂಪಗೆ ರಾಡಿಯಾಗಿ ಬರುತ್ತದೆ. ಆ ರಾಡಿಯೇ ಕ್ಲೋರಿನ್ನನ್ನು ನುಂಗಿಬಿಡುತ್ತದೆ. ಮೊದಲು ಪಟಿಕ ತಿರುಗಿಸಿ ತಿಳಿಯಾಗಲು ಬಿಡಬೇಕು, ನಾಲ್ಕು ಪದರದ ಅರಿವೆಯಲ್ಲಿ ಸೋಸಬೇಕು, ಆಮೇಲೆ ಕ್ಲೋರಿನ್. ತಿಳಿ ನೀರಾದರೆ 1000 ಲೀಟರಿನ ಟ್ಯಾಂಕಿಗೆ ತಾಜಾ ಬ್ಲೀಚಿಂಗ್ ಪೌಡರ್ 4 ಗ್ರಾಂ ಸಾಕು. ಹಾಕಿ ಅರ್ಧ ತಾಸು ಬಿಟ್ಟು ನೀರುಗಂಟಿಯಿಂದ ಕ್ಲೋರಿನ್ ಪರೀಕ್ಷೆ ಮಾಡಿಸಿ. ಲೀಟರಿಗೆ ಅರ್ಧ ಮಿಲಿಗ್ರಾಂ ಉಳಿದಿದ್ದರೆ ಕೆಲಸ ಆದಂತೆ.

ಬ್ಲೀಚಿಂಗ್ ಪೌಡರನ್ನು ಕಣ್ಣಳತೆಯಲ್ಲಿ ಹಾಕುವವರೇ ಹೆಚ್ಚು. ಒಂದು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ 15 ಗ್ರಾಂ ತೂಗಿಸಿಕೊಂಡು, ಅದನ್ನು ಒಂದು ಮುಚ್ಚಳಕ್ಕೆ ಸುರಿದು, ಎಲ್ಲಿಯವರೆಗೆ ಬಂತೋ ಅಲ್ಲಿ ಗೆರೆ ಹಾಕಿಟ್ಟುಕೊಳ್ಳಿ. ವಾಂತಿ, ಭೇದಿ ಬಿದ್ದ ಜಾಗಕ್ಕೆ ಒಂದು ಲೀಟರ್ ನೀರಿಗೆ 15 ಗ್ರಾಂ. ಆಟಿಕೆ, ಬಾಗಿಲ ಚಿಲಕ, ಕುರ್ಚಿಗಳಿಗೆ ಲೀಟರಿಗೆ ಒಂದೂವರೆ ಗ್ರಾಂ, ಅಂದರೆ ಅದೇ ಮುಚ್ಚಳ ಹತ್ತು ಲೀಟರಿನ ಬಕೆಟ್ಟಿಗೆ. ಮೊದಲು ಸ್ವಲ್ಪ ನೀರಲ್ಲಿ ಕಲಸಿ, ಉಳಿದ ನೀರು ಸೇರಿಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಬಳಸಿ. ಪ್ಲಾಸ್ಟಿಕ್ ಬಕೆಟ್ ಇರಲಿ, ಕಬ್ಬಿಣದ್ದು ಬೇಡ. ದಿನದ್ದು ದಿನ ಮಾಡಿಕೊಳ್ಳಬೇಕು, ನಿನ್ನೆಯದಕ್ಕೆ ಕಸುವಿಲ್ಲ. ಚೀಲದ ಬಾಯಿ ತೆರೆದಿಟ್ಟ ಪೌಡರಿನ ಕಸುವೂ ನಮ್ಮ ಬೇಸಿಗೆಯಲ್ಲಿ ಬೇಗ ಇಳಿಯುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ನೆರಳಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಶೌಚಾಲಯ ತೊಳೆಯುವ ಆಸಿಡ್ ಜೊತೆ ಇದನ್ನು ಯಾವತ್ತೂ ಬೆರೆಸಬೇಡಿ, ಏಳುವ ವಿಷಗಾಳಿ ಎದೆ ಕಟ್ಟಿಸುತ್ತದೆ.

ವಾಂತಿಯಾದಾಗ ಪೊರಕೆ ತರಬೇಡಿ. ಮಕ್ಕಳನ್ನು ದೂರ ಕಳಿಸಿ, ಕೈಗವಸು ಹಾಕಿ, ಹಳೆ ಬಟ್ಟೆ ಮುಚ್ಚಿ ಹೀರಿಸಿ ತೆಗೆಯಿರಿ. ಆಮೇಲೆ ಆ ಜಾಗಕ್ಕೆ ಗಟ್ಟಿ ಬ್ಲೀಚಿಂಗ್ ನೀರು ಹೊಯ್ದು ಹತ್ತು ನಿಮಿಷ ಬಿಟ್ಟು, ಒರೆಸಿ, ಬರೀ ನೀರಲ್ಲಿ ತೊಳೆಯಿರಿ. ಹೊಲಸು ತೆಗೆಯದೆ ಮೇಲೆಯೇ ಸುರಿದರೆ ಬ್ಲೀಚ್ ಹೊಲಸಿನ ಮೇಲೆಯೇ ಖರ್ಚಾಗುತ್ತದೆ. ಸ್ಯಾನಿಟೈಸರ್ ನಂಬಬೇಡಿ. ವಾಂತಿಭೇದಿ ತರುವ ಕೆಲವು ವೈರಸ್‌ಗಳಿಗೂ, ಕೈ-ಕಾಲು-ಬಾಯಿ ಬೇನೆಯ ವೈರಸ್‌ಗೂ ಅದು ಅಷ್ಟಾಗಿ ನಾಟುವುದಿಲ್ಲ.

ಯಾವ ಮಗುವನ್ನು ಮನೆಗೆ ಕಳಿಸಬೇಕು? ಇದನ್ನು ಬಹಳ ಯೋಚಿಸಿ ಮಾಡಬೇಕು. ಸಿಂಧನೂರು, ಮಾನ್ವಿ ಕಡೆ ನಾಟಿ ಹಚ್ಚುವ ಹೊತ್ತಿನಲ್ಲಿ, ಹತ್ತಿ, ಮೆಣಸಿನಕಾಯಿ ಬಿಡಿಸುವ ಹೊತ್ತಿನಲ್ಲಿ ಮಗು ಮನೆಯಲ್ಲಿ ಉಳಿದರೆ ತಾಯಿಯ ಅಂದಿನ ಕೂಲಿ ಹೋಯಿತು. ಹಾಗಾಗಿ ಬರೀ ಮೂಗು ಸುರಿಯುತ್ತಿದೆ ಎಂದು ಕಳಿಸುವುದು ಅನ್ಯಾಯ. ಆಡುತ್ತಿರುವ, ಉಣ್ಣುತ್ತಿರುವ ಮಗು ಇರಲಿ. ಭೇದಿ, ವಾಂತಿ, ಜ್ವರದಿಂದ ಸೊರಗಿದ್ದು ಇದ್ದರೆ ಮನೆ. ದಡಾರವಾದರೆ ಗುಳ್ಳೆ ಎದ್ದು ನಾಲ್ಕು ದಿನ ಕಳೆಯುವವರೆಗೆ, ಸೀತಾಳೆ ಸಿಡುಬಾದರೆ ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ. ಅಮ್ಮ ಬಂದಿದ್ದಾಳೆಂದು ಮನೆಯವರು ಬೇವಿನ ಸೊಪ್ಪು ಕಟ್ಟಿದರೆ ಕಟ್ಟಲಿ, ಅದಕ್ಕೆ ಜಗಳ ಬೇಡ. ಆಶಾ ಅಕ್ಕನಿಗೆ ತಿಳಿಸುವುದು ಮಾತ್ರ ತಪ್ಪಬಾರದು. ದಡಾರ ಬಂದ ಮಗುವಿಗೆ ವಿಟಮಿನ್ ಎ ಕೊಡಬೇಕಾಗುತ್ತದೆ, ಉಳಿದ ಮಕ್ಕಳ ತಾಯಿ ಕಾರ್ಡಿನಲ್ಲಿ ದಡಾರ-ರುಬೆಲ್ಲಾ (ಎಂಆರ್) ಲಸಿಕೆಯ ಎರಡೂ ಡೋಸ್ ಆಗಿವೆಯೇ ನೋಡಬೇಕಾಗುತ್ತದೆ. ಕಜ್ಜಿಯಾದರೆ ಮನೆಮಂದಿಯೆಲ್ಲ ಒಂದೇ ರಾತ್ರಿ ಮುಲಾಮು ಹಚ್ಚಬೇಕು, ವಾರ ಬಿಟ್ಟು ಮತ್ತೊಮ್ಮೆ. ಮಗುವಿಗೊಂದಕ್ಕೇ ಹಚ್ಚಿದರೆ ಹಾಸಿಗೆಯಿಂದ ತಿರುಗಿ ಬರುತ್ತದೆ.

ನಾಲ್ಕಾರು ದಿನಕ್ಕೊಮ್ಮೆ ನಲ್ಲಿ ಬಿಡುವ ಊರುಗಳಲ್ಲಿ ನೀರು ಹಿಡಿದಿಡದೆ ವಿಧಿಯಿಲ್ಲ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಆ ತಿಳಿ ನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಬೇಕಾದ್ದರಿಂದ ವಾರಕ್ಕೊಮ್ಮೆ ಖಾಲಿ ಮಾಡಿ. ಬರೀ ಚೆಲ್ಲಿದರೆ ಆಗದು, ಮೊಟ್ಟೆ ನೀರಿನ ಗೆರೆಯ ಮೇಲೆ ಗೋಡೆಗೆ ಅಂಟಿರುತ್ತದೆ. ತಿಕ್ಕಬೇಕು.

ಅಡುಗೆಯ ಬಗ್ಗೆ ಒಂದೇ ಮಾತು: ಬೇಸಿಗೆಯಲ್ಲಿ ಬೆಂದ ಅನ್ನ, ಸಾರು, ಮೊಟ್ಟೆ ಒಂದು ತಾಸಿನೊಳಗೆ ಮಕ್ಕಳ ಹೊಟ್ಟೆ ಸೇರಲಿ.

ಕೇಂದ್ರದಲ್ಲಿ ಓಆರ್‌ಎಸ್ ಪಾಕೆಟ್ ಸದಾ ಇರಬೇಕು. ಒಂದು ಲೀಟರಿನ ಪಾಕೆಟ್ಟನ್ನು ಪೂರ್ತಿ ಒಂದು ಲೀಟರಿಗೇ ಹಾಕಿ. ಅರ್ಧ ಹಾಕಿ ಅರ್ಧ ಎತ್ತಿಟ್ಟರೆ ಉಪ್ಪು, ಸಕ್ಕರೆ ಸಮ ಬರುವುದಿಲ್ಲ. ಕಲಸಿದ್ದು 24 ತಾಸಿನ ಮೇಲೆ ಚೆಲ್ಲಿ. ಆರು ತಿಂಗಳು ದಾಟಿದ ಮಗುವಿಗೆ ಜೊತೆಗೆ ಜಿಂಕ್ 20 ಮಿಲಿಗ್ರಾಂ ಮಾತ್ರೆ, ದಿನಕ್ಕೊಂದರಂತೆ 14 ದಿನ, ಭೇದಿ ನಿಂತರೂ ಬಿಡದೆ. ಕಣ್ಣು ಗುಳಿಬಿದ್ದು, ಕುಡಿಯಲೂ ಆಗದೆ ತೂಕಡಿಸುವ ಮಗುವಿಗೆ, ಮಲದಲ್ಲಿ ರಕ್ತ ಕಂಡ ಮಗುವಿಗೆ ಕಾಯದೆ ಆಸ್ಪತ್ರೆ. ಒಂದೇ ದಿನ ಎರಡು-ಮೂರು ಮಕ್ಕಳಿಗೆ ಭೇದಿ ಶುರುವಾದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಪಂಚಾಯಿತಿಗೂ ಫೋನ್ ಮಾಡಿ. ಟ್ಯಾಂಕಿನ ನೀರು ಕುಡಿಸುವುದನ್ನು ನಿಲ್ಲಿಸಿ, ಆದರೆ ಟ್ಯಾಂಕ್ ತೊಳೆಯಲು ಅವಸರ ಬೇಡ. ಪರೀಕ್ಷೆಗೆ ನೀರು ತೆಗೆದುಕೊಂಡು ಹೋದ ಮೇಲೆ ತೊಳೆಯಿರಿ.