ನಂದಗಡದ ಆಲದ ಮರಕ್ಕೆ ಒಂದು ತೊಟ್ಟಿಲು

ಕಿತ್ತೂರು ದಾಟಿ ಬೀಡಿಯ ದಾರಿ ಹಿಡಿದ ಮೇಲೆ ನೆಲದ ಬಣ್ಣವೇ ಬೇರೆಯಾಗುತ್ತದೆ. ಬೈಲಹೊಂಗಲದ ಕಡೆ ಕಣ್ಣು ಹಾಯುವ ತನಕ ಎರೆಹೊಲ, ಜೋಳ, ಕಡಲೆ, ಹತ್ತಿ; ಮರೆಗೆ ನಿಲ್ಲೋಣವೆಂದರೆ ಒಂದು ಗಿಡ ಸಿಗುವುದು ಕಷ್ಟ. ಪಡುವಣಕ್ಕೆ ಬರಬರುತ್ತ ಕೆಂಪು ಮಣ್ಣು, ಕೊಯ್ಲು ಮುಗಿದ ಭತ್ತದ ಗದ್ದೆ, ತೇಗ, ಹೆಂಚಿನ ಮನೆ, ಅದರಾಚೆ ಗುಡ್ಡ, ಕಾಡು. ಸಂಗೊಳ್ಳಿ ರಾಯಣ್ಣನ ಕಥೆಯನ್ನು ಸಣ್ಣವನಿದ್ದಾಗಿನಿಂದ ಕೇಳುತ್ತ ಬಂದಿದ್ದರೂ ಅವನ ಕಾಳಗದ ರೀತಿ ಯಾಕೆ ಹಾಗಿತ್ತು ಎಂಬುದು ನನಗೆ ಹೊಳೆದದ್ದು ಈ ರಸ್ತೆಯಲ್ಲಿ. ಮಲಪ್ರಭೆಯ ದಂಡೆಯ ಬಯಲಿನವನು ಆತ. ಕಂಪನಿ ಸರಕಾರದ ತೋಪು ತುಪಾಕಿಗಳಿಗೆ ಎದುರಾಗಿ ಆ ಬಯಲಿನಲ್ಲೇ ನಿಂತಿದ್ದರೆ ಹೆಚ್ಚು ದಿನ ಬಾಳುತ್ತಿರಲಿಲ್ಲ. ಅರ್ಧ ದಿನದ ನಡಿಗೆಯಲ್ಲಿ ಕಾಡು ಸೇರಬಹುದು, ಕಾಡಿನಿಂದ ಇಳಿದು ಒಂದು ಕಚೇರಿಗೆ ಬೆಂಕಿ ಇಟ್ಟು ಬೆಳಗಾಗುವುದರೊಳಗೆ ಮತ್ತೆ ಕಾಡು ಹತ್ತಬಹುದು. ಈ ಸೀಮೆ ಇರುವುದೇ ಹಾಗೆ.

ನಾವು ಹೊರಟದ್ದು ಇತಿಹಾಸ ನೋಡಲಿಕ್ಕಲ್ಲ, ಹರಕೆ ತೀರಿಸಲಿಕ್ಕೆ. ಹರಕೆ ನಮ್ಮ ಚಿಗವ್ವನದು. ಅವಳ ಮಗಳಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಆಸ್ಪತ್ರೆ ಆಯಿತು, ಮಠ ಆಯಿತು. ಕೊನೆಗೆ ಯಾರೋ ಹೇಳಿದರಂತೆ, ನಂದಗಡಕ್ಕೆ ಹೋಗಿ ರಾಯಣ್ಣನ ಆಲದ ಮರಕ್ಕೆ ತೊಟ್ಟಿಲು ಕಟ್ಟುತ್ತೇನೆಂದು ಬೇಡಿಕೋ ಎಂದು. ಬೇಡಿಕೊಂಡಳು, ಮಗು ಹುಟ್ಟಿತು. ಹೆಣ್ಣು. "ನಾ ರಾಯಣ್ಣನ ಕೇಳಿದ್ದೆ, ಅವ ಚೆನ್ನಮ್ಮನ ಕೊಟ್ಟ" ಎಂದು ಚಿಗವ್ವ ಊರೆಲ್ಲ ಹೇಳಿಕೊಂಡು ಬಂದಳು. ಊರ ಬಡಿಗನಿಗೆ ಹೇಳಿ ಗೇಣುದ್ದದ ಕಟ್ಟಿಗೆಯ ತೊಟ್ಟಿಲು ಮಾಡಿಸಿ, ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಬೆಂಗಳೂರಿನಿಂದ ರಜೆಗೆಂದು ಬಂದಿದ್ದ ನನ್ನನ್ನು ಕಾರು ನಡೆಸಲು ಹಿಡಿದಳು. ಹಿಂದಿನ ಸೀಟಿನಲ್ಲಿ ಬಾಣಂತನ ಮುಗಿಸಿದ ತಂಗಿ, ಅವಳ ಮಗು, ಕಿವಿಗೆ ಇಯರ್‌ಫೋನ್ ಹಾಕಿಕೊಂಡ ತಮ್ಮ. ಮುಂದೆ ನನ್ನ ಪಕ್ಕ ಕಾಕಾ. ತೊಟ್ಟಿಲು ಚಿಗವ್ವನ ತೊಡೆಯ ಮೇಲೆ.

ನನಗೆ ಒಳಗೊಳಗೇ ಕಸಿವಿಸಿ. ಕಂಪನಿ ಸರಕಾರದ ವಿರುದ್ಧ ಕತ್ತಿ ಹಿಡಿದು ಗಲ್ಲಿಗೇರಿದವನನ್ನು ಮಕ್ಕಳ ಕೊಡುವ ದೇವರನ್ನಾಗಿ ಮಾಡಿದರೆ, ಅವನು ಯಾತಕ್ಕಾಗಿ ಸತ್ತನೋ ಅದು ಮರೆತುಹೋಗುವುದಿಲ್ಲವೇ? ಇದನ್ನು ಕಾಕಾನಿಗೆ ಹೇಳಿದೆ. ಅವರು ನಕ್ಕು, "ನೀವು ಬೆಂಗಳೂರಾಗ ಏನ್ ಮಾಡೀರಿ? ಸ್ಟೇಷನ್ನಿಗೆ ಅವನ ಹೆಸರ ಇಟ್ಟೀರಿ, ಎಲ್ಲಾರೂ ಮೆಜೆಸ್ಟಿಕ್ ಅಂತೀರಿ" ಎಂದರು. ಅದೂ ನಿಜವೇ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಎಂದು ಪೂರ್ತಿ ಹೆಸರು ಹೇಳುವುದು ಅಲ್ಲಿ ಧ್ವನಿವರ್ಧಕ ಒಂದೇ.

ಕಥೆಯ ಬೇರು ಇರುವುದು ಹೊಲದಲ್ಲಿ. ರಾಯಣ್ಣ ರಾಜನಲ್ಲ, ದೇಸಾಯಿಯಲ್ಲ. ಕುರುಬರ ಮನೆಯ ಹುಡುಗ, ಸಂಗೊಳ್ಳಿಯ ಶೇತಸನದಿ. ಊರ ಕಾವಲು ಕಾಯುವುದು, ಕರೆದಾಗ ದಂಡಿಗೆ ಹೋಗುವುದು, ಅದಕ್ಕೆ ಪ್ರತಿಯಾಗಿ ಹೊಲ ಉಣ್ಣುವುದು, ಇದು ಶೇತಸನದಿಯ ಲೆಕ್ಕ. ಸಂಬಳವೆಂದು ರೊಕ್ಕ ಕೊಡುವ ಪದ್ಧತಿಯಲ್ಲ ಅದು, ಹೊಲವೇ ಸಂಬಳ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ದಂಡು ಬಂದು ಕೋಟೆ ಬಿತ್ತು. ರಾಣಿ ಚೆನ್ನಮ್ಮನನ್ನು ಹಿಡಿದು ಬೈಲಹೊಂಗಲದಲ್ಲಿ ಸೆರೆಯಿಟ್ಟರು, 1829ರಲ್ಲಿ ಅವಳು ಸೆರೆಯಲ್ಲೇ ತೀರಿಕೊಂಡಳು. ಹೊಸ ಸರಕಾರಕ್ಕೆ ಈ ಕಾವಲಿನವರು ಬೇಡವಾಗಿದ್ದರು, ಆದರೆ ಅವರ ಹೊಲದ ಕಂದಾಯ ಬೇಕಾಗಿತ್ತು. ರಾಯಣ್ಣನ ಮನೆತನದ ಹೊಲದಲ್ಲಿ ಒಂದಿಷ್ಟು ಜಪ್ತಿಯಾಯಿತು, ಉಳಿದದ್ದರ ಮೇಲೆ ತೆರಿಗೆ ಏರಿತು. ಊರ ಕುಲಕರ್ಣಿ ಕಂದಾಯಕ್ಕಾಗಿ ಅವನ ತಾಯಿ ಕೆಂಚವ್ವನನ್ನು ಚಾವಡಿಗೆ ಎಳೆಸಿ ಬೆನ್ನ ಮೇಲೆ ಕಲ್ಲು ಹೊರಿಸಿದನೆಂದು ಜನ ಹೇಳುತ್ತಾರೆ. ಗೀಗೀ ಮೇಳದವರು ಹಾಡುವಾಗ ಈ ಭಾಗ ಬಂದರೆ ಮುಂದೆ ಕುಳಿತ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ನಾನು ಜಾತ್ರೆಗಳಲ್ಲಿ ನೋಡಿದ್ದೇನೆ. ಕಲ್ಲಿನ ಕಥೆಗೆ ಕಾಗದದ ಆಧಾರ ಹುಡುಕುವವರು ಹುಡುಕಲಿ. ಹೊಲ ಹೋದದ್ದಂತೂ ಕಥೆಯಲ್ಲ.

ಕಿತ್ತೂರಿನ ಗಾದಿಗೆ ದತ್ತುಮಗ ಶಿವಲಿಂಗಪ್ಪನನ್ನು ಕೂಡಿಸುತ್ತೇನೆಂದು ಅವನು ದಂಡು ಕಟ್ಟಿದ. ದಂಡೆಂದರೆ ಹೊಲ ಕಳಕೊಂಡ ಶೇತಸನದಿಗಳು, ಕುರುಬರು, ಬೇಡರು, ಕಾಡಿನ ಸಿದ್ದಿಗಳು. ಗಜವೀರನೆಂಬ ಸಿದ್ದಿಯ ಹೆಸರು ಇಲ್ಲದೆ ರಾಯಣ್ಣನ ಪದ ಮುಗಿಯುವುದಿಲ್ಲ. 1830ರ ಜನವರಿಯಲ್ಲಿ ಬೀಡಿಯ ಸರಕಾರಿ ಕಚೇರಿ ಸುಟ್ಟರು. ನಮ್ಮ ಕಾರು ಅದೇ ಬೀಡಿಯಲ್ಲಿ ಚಹಾಕ್ಕೆ ನಿಂತಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ನಿಂತು ದಾರಿ ಕಟ್ಟಿದ್ದವು. ಸುಟ್ಟ ಕಚೇರಿ ಯಾವ ಜಾಗದಲ್ಲಿತ್ತೆಂದು ಚಹಾದಂಗಡಿಯವನನ್ನು ಕೇಳಿದೆ. "ಯಾವ ಕಚೇರಿರೀ? ಉತಾರ ತಗಸಾಕೇನ್ರಿ?" ಎಂದ. ಉತಾರವೆಂದರೆ ಹೊಲದ ಪಹಣಿ.

ಕದಂಬರ ಹಲಸಿ ನೋಡಲು ಬಂದಾಗ ನಂದಗಡ ದಾಟಿ ಹೋಗಿದ್ದುಂಟು, ಇಳಿದಿರಲಿಲ್ಲ. ಖಾನಾಪುರ ತಾಲೂಕಿನ ಹಳೆಯ ಪೇಟೆ ಊರು. ಅಂಗಡಿಗಳ ಬೋರ್ಡುಗಳಲ್ಲಿ ಕನ್ನಡ, ಮರಾಠಿ ಎರಡೂ. ದಾರಿ ಕೇಳಿದರೆ ಒಬ್ಬ ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸಿದ, ನಮಗೇನೂ ತೊಂದರೆಯಾಗಲಿಲ್ಲ. ಕಾಯಿ, ಕರ್ಪೂರ, ಊದಿನಕಡ್ಡಿ ಮಾರುತ್ತಿದ್ದ ಮುದುಕಿ ಚಿಗವ್ವನ ಕೈಯಲ್ಲಿದ್ದ ತೊಟ್ಟಿಲು ನೋಡಿದ್ದೇ ಏನೂ ಕೇಳದೆ ಹಸಿರು ಬಳೆಯ ಕಟ್ಟೊಂದನ್ನು ಮುಂದಿಟ್ಟಳು. ಯಾವುದಕ್ಕೆ ಏನು ಬೇಕೆಂದು ಅವಳಿಗೆ ಗೊತ್ತಿದೆ.

ಮರ ದೊಡ್ಡದು. ದೊಡ್ಡದೆಂದರೆ ಎತ್ತರವಲ್ಲ, ಹರವು. ಬಿಳಲುಗಳು ಇಳಿದು ನೆಲ ಹಿಡಿದು ಕಾಂಡಗಳಾಗಿವೆ, ಯಾವುದು ಮೂಲ ಎಂದು ಹುಡುಕಬೇಕು. ಪಕ್ಕದಲ್ಲಿ ಅಶೋಕ ಸ್ತಂಭ ನಿಲ್ಲಿಸಿದ್ದಾರೆ. ಆದರೆ ಬಂದವರ ಕಣ್ಣು ಹೋಗುವುದು ಕೊಂಬೆಗಳಿಗೆ. ಅಲ್ಲಿ ತೊಟ್ಟಿಲುಗಳು: ಬಣ್ಣ ಬಳಿದವು, ಬಳಿಯದವು, ಮಳೆಬಿಸಿಲಿಗೆ ಕಪ್ಪಾಗಿ ಒಂದು ಕಡೆಯ ದಾರ ಹರಿದು ಓರೆಯಾಗಿ ಜೋತವು. ಕಟ್ಟಿಗೆಯದು ತರಲಾಗದವರು ಬಟ್ಟೆಯನ್ನೇ ಜೋಳಿಗೆ ಮಾಡಿ ಕಟ್ಟಿದ್ದಾರೆ. ನಡುವೆ ಬಳೆಗಳು, ಖಣದ ತುಂಡುಗಳು. ರಾಯಣ್ಣನನ್ನು ಮಣ್ಣು ಮಾಡಿದ ಜಾಗದ ಮೇಲೆ ಅವನ ಗೆಳೆಯನೊಬ್ಬ, ಬಿಚ್ಚುಗತ್ತಿ ಚನ್ನಬಸಪ್ಪ ಎನ್ನುತ್ತಾರೆ, ಆಲದ ಸಸಿ ನೆಟ್ಟನೆಂಬುದು ಜನರ ನಂಬಿಕೆ. ಗಲ್ಲಿಗೇರುವ ಮುಂಚೆ ರಾಯಣ್ಣ ಮತ್ತೆ ಇದೇ ನಾಡಿನಲ್ಲಿ ಹುಟ್ಟಿ ಬರುವೆನೆಂದು ಹೇಳಿದನಂತೆ. ಹುಟ್ಟಿ ಬರುತ್ತೇನೆಂದವನಿಗೆ ಜನ ತೊಟ್ಟಿಲು ಕಟ್ಟಿಟ್ಟು ಕಾಯುತ್ತಿದ್ದಾರೆ! ಚಿಗವ್ವನ ಹರಕೆಯ ತರ್ಕ ನನಗೆ ಅರ್ಥವಾದದ್ದು ಆಗ. ಮಗು ಕೊಡುವ ದೇವರೊಬ್ಬ ಇಲ್ಲಿದ್ದಾನೆಂದು ಯಾರೋ ಸುಮ್ಮನೆ ಹುಟ್ಟಿಸಿದ್ದಲ್ಲ ಇದು. ಅವನ ಮಾತನ್ನು ಅಕ್ಷರಶಃ ನಂಬಿದವರ ಹರಕೆ.

ಕಾಕಾ ಕಾಯಿ ಒಡೆದರು. ತಂಗಿ ಮಗುವನ್ನು ಬೇರಿನ ಬುಡದಲ್ಲಿ ಮಲಗಿಸಿ ಎತ್ತಿಕೊಂಡಳು, ಹಣೆಗೆ ಭಂಡಾರ ಹಚ್ಚಿದರು, ಮಗು ಸೀನಿತು. ತೊಟ್ಟಿಲು ಕಟ್ಟಲು ಕೈಗೆಟಕುವ ಕೊಂಬೆ ಖಾಲಿಯಿರಲಿಲ್ಲ. ತಮ್ಮನನ್ನು ಹತ್ತಿಸೋಣವೆಂದರೆ ಮರ ಹತ್ತಬಾರದೆಂದು ಚಿಗವ್ವ ತಡೆದಳು. ಪಕ್ಕದಲ್ಲೇ ಇನ್ನೊಂದು ಕುಟುಂಬ ತೊಟ್ಟಿಲು ಹಿಡಿದು ನಿಂತಿತ್ತು. ಎಳೆಯ ಹೆಂಡತಿ, ಗಂಡ, ಅತ್ತೆ, ಮೂವರೂ ಮಾತಾಡುತ್ತಿದ್ದದ್ದು ಮರಾಠಿ. ಅವರದು ಇನ್ನೂ ಬೇಡಿಕೊಳ್ಳುವ ತೊಟ್ಟಿಲು, ನಮ್ಮದು ತೀರಿಸುವ ತೊಟ್ಟಿಲು. ಗಂಡ ಎತ್ತರದ ಆಳು. ಚಿಗವ್ವ "ಯಪ್ಪಾ, ಇದನ್ನೂ ಒಂದೀಟ ಕಟ್ಟಿಬಿಡು" ಎಂದಳು. ಅವನು ಎರಡನ್ನೂ ಒಂದೇ ಬಿಳಲಿಗೆ ಕಟ್ಟಿದ. ಅವನ ಹೆಂಡತಿ ನಮ್ಮ ಮಗುವನ್ನು ಕೇಳಿ ಪಡೆದು ತುಸು ಹೊತ್ತು ಎತ್ತಿಕೊಂಡಳು. ಅತ್ತೆಯಂತೂ ಮಗುವಿನ ತಲೆಯ ಮೇಲೆ ಕೈಯಿಟ್ಟು ಮರಾಠಿಯಲ್ಲಿ ಏನೇನೋ ಹರಸಿ, ಚಿಗವ್ವನಿಗೆ ಯಾವ ವಾರ ಯಾವ ಪೂಜೆ ಮಾಡಿದಿರಿ ಎಂದು ವಿವರವಾಗಿ ವಿಚಾರಿಸಿಕೊಂಡಳು.

2020ರಲ್ಲಿ ಬೆಳಗಾವಿಗೆ ಅಂಟಿಕೊಂಡ ಪೀರನವಾಡಿಯಲ್ಲಿ ಇದೇ ರಾಯಣ್ಣನ ಪ್ರತಿಮೆ ಎಲ್ಲಿರಬೇಕೆಂದು ಕನ್ನಡ ಮರಾಠಿ ಜಗಳವಾಗಿ ಪೊಲೀಸರು ಬರಬೇಕಾಯಿತು. ಅಲ್ಲಿಂದ ಇಲ್ಲಿಗೆ ಕಾರಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಪ್ರತಿಮೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಪ್ರತಿಮೆಗೆ ಒಂದು ಮುಖ ಇರುತ್ತದೆ, ಅದು ಯಾವ ಕಡೆ ನೋಡಬೇಕೆಂಬುದರಿಂದಲೇ ತಕರಾರು ಶುರು.

ಊಟಕ್ಕೆ ಮರದ ನೆರಳು ಬಿಟ್ಟು ಈಚೆ ಬಂದು ಕುಳಿತೆವು. ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ನೈವೇದ್ಯಕ್ಕೆಂದು ಮಾಡಿದ್ದ ಮಾದಲಿ. ತಿನ್ನುತ್ತ ನಾನು ಲೆಕ್ಕ ಹಾಕುತ್ತಿದ್ದೆ. ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26. ಅಲ್ಲಿಂದ 1947ರವರೆಗೆ 116 ವರ್ಷ ಈ ಊರು ಅವನನ್ನು ಕೊಂದ ಬ್ರಿಟಿಷರ ಕೈಯಲ್ಲೇ ಇತ್ತು. ಅಷ್ಟು ಕಾಲ ಒಬ್ಬ ಬಂಡುಕೋರನ ಗೋರಿಗೆ ಹೆಸರು ಬರೆದು ಕಲ್ಲು ನೆಟ್ಟಿದ್ದರೆ ಬಿಡುತ್ತಿದ್ದರೇ? ಮರಕ್ಕೆ ಯಾರೂ ಆಕ್ಷೇಪ ಎತ್ತಲಾರರು, ಮಕ್ಕಳಿಲ್ಲದ ಹೆಂಗಸು ಮರಕ್ಕೆ ತೊಟ್ಟಿಲು ಕಟ್ಟಿದರೆ ಅದರಲ್ಲಿ ರಾಜದ್ರೋಹ ಹುಡುಕುವ ಕಲೆಕ್ಟರನೂ ಇರಲಾರ. ಇದು ನನ್ನ ಊಹೆ, ಆದರೆ ಬಲವಾದ ಊಹೆ. ಅವನ ಜೊತೆ ಗಲ್ಲಿಗೇರಿದ ಸಂಗಡಿಗರಿದ್ದಾರೆ. ಅವರನ್ನು ಎಲ್ಲಿ ಮಣ್ಣು ಮಾಡಿದರೆಂದು ಇಲ್ಲಿ ಕೇಳಿದೆ. ಕೈ ತೋರಿಸುವವರು ಸಿಗಲಿಲ್ಲ. ಅವರಿಗೆ ಹರಕೆ ಹೊತ್ತವರಿಲ್ಲ, ಹಾಗಾಗಿ ಜಾಗವೂ ಉಳಿದಿಲ್ಲ. ದೇವರನ್ನಾಗಿ ಮಾಡಿದರೆ ಇತಿಹಾಸ ಮರೆತುಹೋಗುತ್ತದೆ ಎಂದು ಬೆಳಿಗ್ಗೆ ಕಾಕಾನ ಮುಂದೆ ವಾದಿಸಿದ್ದೆನಲ್ಲ, ಇಲ್ಲಿ ಅದು ತಿರುಗುಮುರುಗಾಗಿದೆ. ಜಾಗ ಕಾದುಕೊಟ್ಟವರು ಈ ತೊಟ್ಟಿಲಿನ ಹೆಂಗಸರು, ಕಥೆ ಕಾದವರು ಗೀಗೀ ಪದದವರು. ಸರಕಾರ, ಸ್ತಂಭ, ನನ್ನಂಥ ಓದಿದವರು ಬಂದದ್ದು ಆಮೇಲೆ.

ಗಲ್ಲಿಗೇರಿಸಿದ ಜಾಗ ಬೇರೆ, ಅದು ಊರ ಹೊರಗೆ. ಅಲ್ಲಿಗೂ ಹೋಗಿ ಬಂದೆವು. ಅಲ್ಲಿ ಚಿಗವ್ವ ಕಾರಿನಿಂದ ಇಳಿಯಲಿಲ್ಲ. ಮಗುವನ್ನು ಅಂಥ ಜಾಗಕ್ಕೆ ಒಯ್ಯಬಾರದಂತೆ. ಕಾಕಾ ಮತ್ತು ನಾನು ಚಪ್ಪಲಿ ಬಿಟ್ಟು ನಿಂತೆವು. 1830ರ ಏಪ್ರಿಲಿನಲ್ಲಿ ಡೋರಿ ಹಳ್ಳದಲ್ಲಿ ಜಳಕಕ್ಕೆ ಇಳಿದಾಗ ಅವನನ್ನು ಹಿಡಿದರು, ಕತ್ತಿ ಹಿಡಿದುಕೋ ಎಂದು ಯಾರ ಕೈಗೆ ಕೊಟ್ಟಿದ್ದನೋ ಅವನೇ ಮೋಸ ಮಾಡಿದ ಎಂಬುದನ್ನು ಕಾಕಾ ಯಾವುದೋ ಮೊನ್ನೆಯ ಪಂಚಾಯತಿ ಜಗಳದ ಹಾಗೆ, ಮೋಸ ಮಾಡಿದವರ ಹೆಸರು, ಊರು, ಅಡ್ಡಹೆಸರಿನ ಸಮೇತ ಹೇಳಿದರು. ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಮನೆತನದವರಿಗೆ ಇವತ್ತಿಗೂ ಆ ಮಾತು ತಪ್ಪಿಲ್ಲವಂತೆ.

ವಾಪಸು ಬರುವಾಗ ಕಿತ್ತೂರು ಸಮೀಪಿಸಿತ್ತು. ಹಿಂದಿನಿಂದ ಚಿಗವ್ವ ತಾನು ಇನ್ನೊಂದು ಹರಕೆ ಹೊತ್ತು ಬಂದದ್ದನ್ನು ಹೊರಗೆ ಬಿಟ್ಟಳು. ತಮ್ಮನಿಗೆ ತಲಾಟಿ, ಅಂದರೆ ಊರ ಕಂದಾಯದ ಲೆಕ್ಕಿಗನ, ನೌಕರಿ ಸಿಕ್ಕರೆ ರಾಯಣ್ಣನಿಗೆ ಬೆಳ್ಳಿಯ ಕುದುರೆ.

"ಚಿಗವ್ವಾ, ಕುಲಕರ್ಣಿ ಕಾಟಕ್ಕ ದಂಡು ಕಟ್ಟಿ ಕಚೇರಿ ಸುಟ್ಟವನ ಹತ್ರ ನೀ ತಲಾಟಿ ನೌಕರಿ ಬೇಡಿ ಬಂದೀ ಏನ?"

"ಅದಕ್ಕ ಬೇಡೇನಿ. ನಮ್ಮ ಹುಡುಗ ತಲಾಟಿ ಆದ್ರ ಉತಾರಕ್ಕ ಬಂದ ಮುದುಕ್ಯಾರ್ನ ಹತ್ತ ಸಲ ತಿರುಗಾಡಸೂದಿಲ್ಲ. ರಾಯಣ್ಣಗ ಅದ ಬೇಕಾಗಿತ್ತಲ್ಲ?"

ಕಾಕಾ ಹಿಂದೆ ತಿರುಗಿ ತಮ್ಮನ ಕಿವಿಯಿಂದ ಇಯರ್‌ಫೋನ್ ಕಿತ್ತರು. "ಮೊದಲ ಅರ್ಜಿ ತುಂಬೀ ಇಲ್ಲೋ ಹೇಳಲೇ" ಎಂದರು. ತುಂಬಿರಲಿಲ್ಲ.